ಆ ಬೇಸಿಗೆಯ ದೀಪದ ಹುಳಗಳು

ಅಣ್ಣನ ಗಂಟಲಿನ ಆಪರೇಶನ್ ಆದ ಮೇಲೆ ಅವನೂ ಅವನ ಹೆಂಡತಿ, ನನ್ನ ವೈನಿಯೂ ಆ ಬೇಸಿಗೆಯನ್ನು ನನ್ನ ಮನೆಯಲ್ಲಿಯೇ ಕಳೆದರು. ಧಾರವಾಡದ ಸಪ್ತಾಪುರದಲ್ಲಿ ಒಂದು ಮನೆಯ ಮೇಲಂತಸ್ತಿನಲ್ಲಿ ನಾನು ಬಾಡಿಗೆಗಿದ್ದೇನೆ, ಒಬ್ಬಳೇ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಅಣ್ಣ ಹತ್ತಿರದ ಹಳ್ಳಿ ಮುಗದದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದ. ಅವನ ದನಿ ಇಡೀ ಊರಿಗೆ ಗೊತ್ತಿತ್ತು. ಅವನು ಮಗ್ಗಿ ಹೇಳಿಸಲು ನಿಂತರೆ ಶಾಲೆಯ ಹಿಂದಿನ ಗದ್ದೆಯಲ್ಲಿ ಕಳೆ ಕೀಳುವವರೂ ಜೊತೆಗೆ ಹೇಳುತ್ತಿದ್ದರಂತೆ. ಆ ದನಿಯ ಪೆಟ್ಟಿಗೆಯನ್ನೇ ವೈದ್ಯರು ತೆಗೆದುಹಾಕಿದ್ದರು. ಕೊರಳಿನ ಕೆಳಗೆ ಎಂಟಾಣೆ ಅಗಲದ ತೂತು. ಉಸಿರು ಅಲ್ಲಿಂದಲೇ ಬರಬೇಕು, ಅಲ್ಲಿಂದಲೇ ಹೋಗಬೇಕು. ಅದರ ಮೇಲೆ ಸದಾ ಒಂದು ತೆಳ್ಳನೆಯ ಒದ್ದೆ ಬಟ್ಟೆ.

ಹುಬ್ಬಳ್ಳಿಯ ಆಸ್ಪತ್ರೆಗೆ ದಿನವೂ ವಿಕಿರಣ ಚಿಕಿತ್ಸೆಗೆ ಹೋಗಬೇಕಿತ್ತು. ವೈನಿ ಅದನ್ನು ‘ಕರೆಂಟು’ ಎನ್ನುತ್ತಿದ್ದರು. ಮುಗದದಿಂದ ಆ ಬಿಸಿಲಿನಲ್ಲಿ ಓಡಾಡುವುದಕ್ಕಿಂತ ನಮ್ಮಲ್ಲಿರುವುದು ಮೇಲೆಂದು ಬಂದರು. ಬೆಳಿಗ್ಗೆ ಇಬ್ಬರೂ ಬಸ್ಸು ಹಿಡಿದು ಹೋಗುವರು, ಮಧ್ಯಾಹ್ನ ಸುಟ್ಟ ಕೊರಳು ಹೊತ್ತು ಬರುವರು. ಅಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಡುತ್ತಿದ್ದ. ಏನಾದರೂ ಬೇಕಾದರೆ ಬರೆದು ತೋರಿಸಲೆಂದು ವೈನಿ ಮಕ್ಕಳ ಪಾಟಿಯೊಂದನ್ನು ತಂದುಕೊಟ್ಟಿದ್ದರು. ಅದರ ಮೇಲೆ ಅವನು ಬರೆಯುತ್ತಿದ್ದದ್ದು ‘ನೀರು’, ‘ಬೇಡ’, ‘ಫ್ಯಾನ್’. ಅಷ್ಟೇ. ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿಯೊಬ್ಬಳಿದ್ದಳು. ಗಾಳಿ ನುಂಗಿ, ಅದನ್ನೇ ಮೇಲಕ್ಕೆ ತಂದು ಮಾತಾಡಬಹುದು, ಬಹಳ ಮಂದಿ ಕಲಿತಿದ್ದಾರೆ ಎಂದು ಹೇಳಿ ತಾನೇ ಮಾಡಿ ತೋರಿಸಿದಳಂತೆ. ಅಣ್ಣ ಎದ್ದು ಹೊರಗೆ ಬಂದನಂತೆ. ಪಾಟಿಯ ಮೇಲೆ ಬರೆದ: ‘ಅದು ಮಾತಲ್ಲ. ತೇಗು.’

ನನಗೆ ಬೇಸಿಗೆಯಲ್ಲಿ ಪತಂಗಗಳನ್ನು ದಾಖಲಿಸುವ ಅಭ್ಯಾಸ. ಹೊತ್ತು ಮುಳುಗಿದ ಮೇಲೆ ತೆರೆದ ಮಾಳಿಗೆಯಲ್ಲಿ ತಂತಿಗೆ ಹಳೆಯ ಬಿಳಿ ಧೋತರ ಕಟ್ಟಿ, ಮುಂದೆ ನೇರಳೆ ಬೆಳಕಿನ ಟ್ಯೂಬು ಹಚ್ಚಿ ಕೂಡುತ್ತೇನೆ. ಬಂದು ಕುಳಿತ ಪ್ರತಿಯೊಂದರ ಫೋಟೊ ತೆಗೆದು, ಯಾವುದು, ಎಲ್ಲಿ, ಯಾವತ್ತು ಎಂದು ಬರೆದು, ಇಂಥವನ್ನೆಲ್ಲ ಕೂಡಿಸುವ ಒಂದು ಅಂತರ್ಜಾಲ ತಾಣಕ್ಕೆ ಹಾಕುತ್ತೇನೆ. ಆ ವರ್ಷ ಬಿಟ್ಟುಬಿಡೋಣವೆಂದುಕೊಂಡಿದ್ದೆ. ಆದರೆ ಸಂಜೆಯಾದರೆ ಮನೆಯೊಳಗೆ ಮೂವರೂ ಸುಮ್ಮನೆ ಕೂಡುವುದು ನನ್ನಿಂದ ಆಗಲಿಲ್ಲ. ಒಂದು ದಿನ ಧೋತರ ಕಟ್ಟಿದೆ. ಸ್ವಲ್ಪ ಹೊತ್ತಿಗೆ ಅಣ್ಣ ಮೆಟ್ಟಿಲು ಹತ್ತಿ ಬಂದು, ಏನೂ ಕೇಳದೆ, ನೀರಿನ ಟಾಕಿಯ ಕಟ್ಟೆಯ ಮೇಲೆ ಕುಳಿತ.

ವೈನಿಗೆ ಇದು ಸರಿಬೀಳಲಿಲ್ಲ.

“ಹುಳಾ ಹಾರಿ ಆ ತೂತಿನ್ಯಾಗ ಹೊಕ್ಕರ ಏನ ಮಾಡೂದು? ಧೂಳಿನ್ಯಾಗ ಕೂಡಬ್ಯಾಡ್ರಿ ಅಂತ ಡಾಕ್ಟರು ಹೇಳಿಲ್ಲೇನು?” ಎಂದು ನನ್ನ ಮೇಲೆ ಸಿಟ್ಟಾದರು. ಅವರ ಮಾತು ತಪ್ಪೇನಲ್ಲ. ಪತಂಗದ ರೆಕ್ಕೆಯ ಪುಡಿ ಉಸಿರಿಗೆ ಒಳ್ಳೆಯದಲ್ಲ. ನಾನು ಅಣ್ಣನನ್ನು ದೀಪದಿಂದ ದೂರ ಕೂರಿಸಿದೆ, ಕೊರಳ ಬಟ್ಟೆಯನ್ನು ಎರಡು ಮಡಿಕೆ ಮಾಡಿಸಿದೆ. ಎರಡು ದಿನ ದೂರ ಕುಳಿತ. ಮೂರನೆಯ ದಿನ ಎದ್ದು ಬಂದು ಧೋತರದ ಮುಂದೆ ನಿಂತ.

ಆಮೇಲೆ ಫೋಟೊ ತೆಗೆಯುವಾಗ ಅಳತೆ ತಿಳಿಯಲೆಂದು ಪತಂಗದ ಪಕ್ಕದಲ್ಲಿ ತೋರುಬೆರಳು ಇಡುವುದು ಅವನ ಕೆಲಸವಾಯಿತು. ಸುಣ್ಣದಕಡ್ಡಿ ಹಿಡಿದು ಹಿಡಿದು ಚಪ್ಪಟೆಯಾದ ಬೆರಳು. ತಾಣದಲ್ಲಿ ಯಾರೋ ಪರವೂರಿನವರು ಬರೆದರು: ‘ಬೆರಳಿನ ಬದಲು ಅಳತೆಪಟ್ಟಿ ಇಟ್ಟರೆ ಚೆನ್ನಾಗಿತ್ತು.’ ಅಣ್ಣನಿಗೆ ತೋರಿಸಿದೆ. ಆಪರೇಶನ್ ಆದ ಮೇಲೆ ಅವನು ನಕ್ಕಿದ್ದನ್ನು ನಾನು ನೋಡಿದ್ದು ಆಗಲೇ. ಸದ್ದಿಲ್ಲದ ನಗೆ. ಕೊರಳ ಬಟ್ಟೆ ಮಾತ್ರ ಪಟಪಟ ಅಲುಗಿತು.

ಮೇ ತಿಂಗಳಲ್ಲಿ ಒಂದು ಸಂಜೆ ಗುಡುಗು ಹಾಕಿ ಅಡ್ಡಮಳೆ ಬಿತ್ತು. ಮಳೆ ನಿಂತು ನೆಲ ಬೆಚ್ಚಗೆ ಉಸಿರು ಬಿಡುವಾಗ ದೀಪ ಹಚ್ಚಿದೆ. ಇನ್ನೂ ಊಟವಾಗಿರಲಿಲ್ಲ. ಗುಬ್ಬಿಯಷ್ಟು ದೊಡ್ಡದೊಂದು ಪತಂಗ ಬಂದು ಧೋತರಕ್ಕೆ ಬಡಿದು ಕೆಳಗೆ ಬಿತ್ತು. ಬೆನ್ನ ಮೇಲೆ ಮನುಷ್ಯನ ತಲೆಬುರುಡೆ ಬರೆದಂತೆ ಹಳದಿ ಗುರುತು. ಪುಸ್ತಕದಲ್ಲಿ ನೋಡಿದ್ದೆ, ಕಣ್ಣೆದುರಿಗೆ ಅದೇ ಮೊದಲು. ಅಣ್ಣ ಬಗ್ಗಿ ಅದನ್ನು ಮೆಲ್ಲಗೆ ಎತ್ತಿಕೊಂಡ. ಅದು ಚೀರಿತು.

ಇಲಿಮರಿ ಚೀರಿದ ಹಾಗೆ, ಸಣ್ಣಗೆ, ಮತ್ತೆ ಮತ್ತೆ. ಅಣ್ಣ ಬೆಚ್ಚಿ ನನ್ನ ಮುಖ ನೋಡಿದ. ಕಿವಿಯ ಹತ್ತಿರ ಹಿಡಿದ. ಆಮೇಲೆ ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಪಾಟಿಯ ಮೇಲೆ ಬರೆದ: ‘ದನಿ ಎಲ್ಲಿಂದ?’

“ಗಾಳಿ ಒಳಗ ಎಳಕೊಂಡು ಹೊರಗ ಬಿಡ್ತದಣ್ಣಾ. ಬಾಯಿಯಿಂದನ,” ಎಂದೆ.

‘ಗಂಟಲು?’

“ಗಂಟಲಿಲ್ಲ ಅದಕ್ಕ. ಬರೇ ಗಾಳಿ.”

ಅವನು ಪಾಟಿ ಕೆಳಗಿಟ್ಟು ಆ ಹುಳವನ್ನೇ ನೋಡುತ್ತ ನಿಂತ. ಚೀರುವ ಸದ್ದು ಕೇಳಿ ವೈನಿ ಕಸಬರಿಗೆ ಹಿಡಿದೇ ಮೇಲೆ ಬಂದರು. ಗಂಡನ ಅಂಗೈಯಲ್ಲಿ ತಲೆಬುರುಡೆ ಹೊತ್ತ ಹುಳ ಕಂಡರು.

“ಒಗೀರಿ ಅದನ್ನ! ಒಗೀರಿ!” ಎಂದು ಕೂಗಿ ಕೈಗೇ ಹೊಡೆದರು. ಹುಳ ಕೆಳಗೆ ಬಿತ್ತು. ಮತ್ತೆ ಹೊಡೆದರು. ಅದು ಸತ್ತ ಮೇಲೂ ಹೊಡೆದರು. ಅಲ್ಲೇ ಒದ್ದೆ ನೆಲದ ಮೇಲೆ ಕುಳಿತು ಅತ್ತರು. “ನನಗ ಸಾಕಾಗೇದ. ಯಮಾನ ಮುಖಾ ಬೆನ್ನಿನ ಮ್ಯಾಲ ಹೊತಗೊಂಡು ಬಂದದ, ನೀವಿಬ್ಬರೂ ಆಡಸಾಕತ್ತೀರಿ. ನನಗ ಸಾಕಾಗೇದ.”

ಆಸ್ಪತ್ರೆಯಲ್ಲಾಗಲಿ ಮನೆಯಲ್ಲಾಗಲಿ ಅವರು ಅತ್ತದ್ದನ್ನು ನಾನು ಅಲ್ಲಿಯತನಕ ನೋಡಿರಲಿಲ್ಲ. ಅಣ್ಣ ಅವರ ಪಕ್ಕದಲ್ಲಿ ಕುಳಿತು ಬೆನ್ನ ಮೇಲೆ ಕೈಯಿಟ್ಟ. ನಾನು ದೀಪ ಆರಿಸಿದೆ.

ಮರುದಿನದಿಂದ ಅಣ್ಣ ಗಾಳಿ ನುಂಗುವುದನ್ನು ಕಲಿಯತೊಡಗಿದ. ಮಾತು ಕಲಿಸುವ ಹುಡುಗಿಯ ಹತ್ತಿರ ತಾನೇ ಹೋಗಿ ಕುಳಿತನಂತೆ. ಮನೆಯಲ್ಲಿ ಮಾಳಿಗೆಗೆ ಹೋಗಿ, ಟಾಕಿಯ ಹಿಂದೆ, ನಮಗೆ ಕಾಣದ ಹಾಗೆ ಅಭ್ಯಾಸ ಮಾಡುತ್ತಿದ್ದ. ಮೊದಮೊದಲು ಬರೀ ಡರ್ ಎನ್ನುವ ಸದ್ದು. ಹೊಟ್ಟೆ ಉಬ್ಬರಿಸಿ ಊಟ ಸೇರುತ್ತಿರಲಿಲ್ಲ. ಒಂದು ದಿನ ವೈನಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಗ ಹಿಂದಿನಿಂದ “ಚಾ” ಎಂಬ ಸದ್ದು ಬಂತು. ಒರಟು, ಒಡೆದ ಸದ್ದು. ವೈನಿ ತಿರುಗಲಿಲ್ಲ. ಹಿಟ್ಟಿನ ಕೈ ಹಾಗೇ ನಿಂತಿತು.

“ಇನ್ನೊಮ್ಮೆ ಅನ್ರಿ,” ಎಂದರು.

“ಚಾ.”

ಆ ಹೊತ್ತಿನಲ್ಲಿ ಚಹಾ ಕುಡಿಯುವ ಪದ್ಧತಿ ನಮ್ಮಲ್ಲಿರಲಿಲ್ಲ. ಆದರೂ ಮೂವರೂ ಕುಡಿದೆವು.

ಅದೇ ದಿನಗಳಲ್ಲಿ ನಮ್ಮ ಮನೆಯ ಎದುರಿಗೆ, ಪರೀಕ್ಷೆಗಳಿಗೆ ಓದಲು ಬರುವ ಹುಡುಗಿಯರಿಗಾಗಿ ಕಟ್ಟಿದ್ದ ಹೊಸ ಹಾಸ್ಟೆಲು ಶುರುವಾಯಿತು. ಗೋಡೆಗೆಲ್ಲ ಕಣ್ಣು ಕುಕ್ಕುವ ಬಿಳಿ ದೀಪ, ಬೆಳಗಾಗುವ ತನಕ ಉರಿಯುವಂಥವು. ಓಣಿಯ ಪತಂಗಗಳೆಲ್ಲ ಅಲ್ಲಿಗೆ ಹೋದವು. ನಮ್ಮ ಧೋತರದ ಮೇಲೆ ಒಂದೆರಡು ಸಣ್ಣ ಹುಳ ಮಾತ್ರ. ಬೆಳಿಗ್ಗೆ ಎದುರಿನ ಗೋಡೆಯ ಮೇಲೆ ದಣಿದು ಕುಳಿತವನ್ನು ಗೊರವಂಕಗಳು ಬಂದು ಕುಕ್ಕುತ್ತಿದ್ದವು, ಉಳಿದ ರೆಕ್ಕೆಗಳನ್ನು ಕಸ ಗುಡಿಸುವಾಕೆ ಗುಡ್ಡೆ ಹಾಕುತ್ತಿದ್ದಳು. ಅಣ್ಣ ಹಕ್ಕಿಗಳಿಗಿಂತ ಮೊದಲು ಏಳತೊಡಗಿದ. ಒಂದು ಪ್ಲಾಸ್ಟಿಕ್ ಡಬ್ಬಿ ಹಿಡಿದು ಆ ಗೋಡೆಯ ಬುಡಕ್ಕೆ ಹೋಗಿ, ಜೀವವಿದ್ದವನ್ನು ಡಬ್ಬಿಗೆ ಹತ್ತಿಸಿಕೊಂಡು ಬಂದು ನನಗೆ ತೋರಿಸುವನು. ಫೋಟೊ ತೆಗೆದ ಮೇಲೆ ನಮ್ಮ ಹಿತ್ತಲಿನ ಕರಿಬೇವಿನ ಗಿಡದಲ್ಲಿ ಬಿಡುವನು.

ಒಂದು ಬೆಳಿಗ್ಗೆ ಕೆಳಗೆ ಗದ್ದಲ ಕೇಳಿ ಓಡಿದೆ. ಹಾಸ್ಟೆಲಿನ ಗೇಟಿನ ಹತ್ತಿರ ಅಣ್ಣ ನೆಲದ ಮೇಲೆ ಬಿದ್ದಿದ್ದ. ಕಾವಲಿನವನು ಅವನ ಅಂಗಿಯ ತೋಳು ಹಿಡಿದಿದ್ದ. ಮೇಲೆ ಗ್ಯಾಲರಿಯಲ್ಲಿ ಹುಡುಗಿಯರು ನಿಂತು ನೋಡುತ್ತಿದ್ದರು.

“ಏನಾತು? ಬಿಡ್ರಿ ಅವನ್ನ!” ಎಂದೆ.

“ನಿಮಗ ಗೊತ್ತಿಲ್ರಿ ಅಕ್ಕಾರ, ಮುಂಜಾನೆ ಮುಂಜಾನೆ ಕುಡದು ಬಂದಾನ,” ಎಂದ ಕಾವಲಿನವನು. “ಹುಡುಗ್ಯಾರ ಖೋಲಿ ಕಿಡಕಿ ಹಂತ್ಯಾಕ ನಿಂತು ಹಣಿಕಿ ಹಾಕಾಕತ್ತಿದ್ದ. ಯಾರೋ ನೀ ಅಂತ ಕೇಳಿದರ, ಮಾರಿ ಮ್ಯಾಲ ಡರ್ರಂತ ತೇಗತಾನ್ರಿ!”

“ಕುಡದಿಲ್ಲ. ನಮ್ಮಣ್ಣ ಅಂವಾ. ಆಪರೇಶನ್ ಆಗೇದ, ಮಾತು ಬರಂಗಿಲ್ಲ.”

ಆಗಲೇ ಅಣ್ಣ ಎದ್ದು ಕೂಡಲು ಹೋದ. ಕೊರಳ ಬಟ್ಟೆ ಜಾರಿತ್ತು. ಏದುಸಿರಿಗೆ ಆ ತೂತು ತೆರೆದು ಮುಚ್ಚುವುದು ಎಲ್ಲರಿಗೂ ಕಂಡಿತು. ಕಾವಲಿನವನು ಕೈ ಬಿಟ್ಟು ಹಿಂದೆ ಸರಿದ. ಮೇಲಿನಿಂದ ಯಾರೋ “ಅವ್ವಾ” ಎಂದರು.

“ತಪ್ಪಾತ್ರಿ ಸರ. ಗೊತ್ತಾಗಲಿಲ್ರಿ. ಏನೋ ಅನ್ನಾಕತ್ತಿದ್ರಿ, ನನಗ ತಿಳೀಲಿಲ್ರಿ,” ಎಂದು ಅವನು ಕೈಮುಗಿದ.

ಅಣ್ಣ ಅವನತ್ತ ನೋಡಲಿಲ್ಲ. ಬಟ್ಟೆ ಸರಿಮಾಡಿಕೊಂಡು, ನನ್ನ ಹೆಗಲು ಹಿಡಿದು ಎದ್ದ. ಡಬ್ಬಿ ಒಡೆದಿತ್ತು. ಅದರೊಳಗಿದ್ದದ್ದು ಯಾರದೋ ಕಾಲಡಿ ಸಿಕ್ಕಿತ್ತು. ಮನೆಗೆ ಬಂದ ಮೇಲೆ ಮೊಣಕೈಯ ರಕ್ತ ತೊಳೆಯುತ್ತ, “ಅವನಿಗೆ ಏನಂತ ಹೇಳಾಕ ಹೋಗಿದ್ದಿ ಅಣ್ಣಾ?” ಎಂದು ಕೇಳಿದೆ. ಪಾಟಿ ಮುಂದಿಟ್ಟೆ. ಬಳಪ ಹಿಡಿದು ಬರೆದ: ‘ಮಾಸ್ತರ’.

ಆ ದಿನದ ನಂತರ ಅವನು ಗಾಳಿ ನುಂಗಲಿಲ್ಲ. ವೈನಿ ಎಷ್ಟೋ ಸಲ ಕೇಳಿಕೊಂಡರು. “ನಮ್ಮ ಮುಂದ ಅಷ್ಟ ಮಾತಾಡ್ರಿ. ಹೊರಗಿನವರ ಜೋಡಿ ಬ್ಯಾಡ. ನನಗ ತಿಳಿತದ,” ಎಂದರು. ಅವನು ತಲೆ ಅಲ್ಲಾಡಿಸಿದ. ಮಾಳಿಗೆಗೆ ಬಂದು ನನ್ನ ಜೊತೆ ಕೂಡುತ್ತಿದ್ದ, ಆದರೆ ಧೋತರದತ್ತ ನೋಡುತ್ತಿರಲಿಲ್ಲ. ಹಾಸ್ಟೆಲಿನವರಿಗೆ ದೀಪ ಕಡಿಮೆ ಮಾಡಿರೆಂದು ಕೇಳಲು ಹೋದೆ. ಹುಡುಗಿಯರ ಸುರಕ್ಷತೆಯ ಪ್ರಶ್ನೆ, ಹೋದ ವಾರವೇ ಯಾರೋ ಒಳಗೆ ಬರಲು ನೋಡಿದ್ದ ಎಂದರು. ನಾನು ತಿರುಗಿ ಬಂದೆ.

ಜೂನಿನಲ್ಲಿ ಮಿರಗದ ಮಳೆ ಹಿಡಿಯುವ ಹೊತ್ತಿಗೆ ಕರೆಂಟಿನ ಚಿಕಿತ್ಸೆ ಮುಗಿಯಿತು. ಅವರು ಮುಗದಕ್ಕೆ ಹೋದರು. ಶ್ರಾವಣದಲ್ಲಿ ತೂತಿನ ಪಕ್ಕಕ್ಕೆ ಗಂಟು ಎದ್ದಿತು. ವೈದ್ಯರು ಕೈಯಿಂದ ಮುಟ್ಟಿ ನೋಡಿ, ಇನ್ನು ಆಸ್ಪತ್ರೆಗೆ ಓಡಾಡಿಸಬೇಡಿ ಎಂದರು. ಮಾನೌಮಿ ಹಬ್ಬಕ್ಕೆ ಮೊದಲೇ ಅಣ್ಣ ಹೋದ. ನಾನು ಪಕ್ಕದಲ್ಲಿದ್ದೆ. ಕಡೆಯ ಎರಡು ದಿನ ಬಳಪ ಹಿಡಿಯುವ ಶಕ್ತಿಯೂ ಇರಲಿಲ್ಲ. ನೋವಾಗುತ್ತಿದೆಯೇ ಎಂದು ಕೇಳಿದರೆ ಕಣ್ಣು ಮುಚ್ಚಿ ತೆರೆಯುತ್ತಿದ್ದ. ಅದು ಹೌದೋ ಅಲ್ಲವೋ ನಮಗೆ ತಿಳಿಯಲಿಲ್ಲ. ಅಣ್ಣ ಕಲಿಸಿದ ಮಕ್ಕಳು, ಈಗ ಮೀಸೆ ಬಂದವರು, ಹೆಗಲು ಕೊಟ್ಟರು.

ಈ ಬೇಸಿಗೆಯಲ್ಲೂ ನಾನು ಧೋತರ ಕಟ್ಟುತ್ತೇನೆ. ಯಾಕೆಂದು ಕೇಳಿದರೆ ಹೇಳಲು ಬರುವುದಿಲ್ಲ. ಸಂಜೆ ಇನ್ನೇನು ಮಾಡಬೇಕೋ ತಿಳಿಯದು. ಎದುರಿನ ದೀಪಗಳು ಹಾಗೇ ಇವೆ, ಪಕ್ಕದ ಖಾಲಿ ಜಾಗದಲ್ಲಿ ಇನ್ನೊಂದು ಹಾಸ್ಟೆಲು ಏಳುತ್ತಿದೆ. ಮುಗದದಲ್ಲಿ ತವರಿನ ತಮ್ಮನ ಸಂಸಾರದ ಜೊತೆಗಿರುವ ವೈನಿ, ರೊಟ್ಟಿ ಮುಗಿಸಿ, ದಿನಾ ಫೋನು ಮಾಡುತ್ತಾರೆ.

“ಇವತ್ತ ಧೋತರದ ಮ್ಯಾಲ ಏನರ ಬಂದಿತ್ತೇನು?”

“ಇಲ್ರಿ ವೈನಿ. ಏನೂ ಇಲ್ಲ.”

“ಹೌದಾ,” ಎನ್ನುತ್ತಾರೆ. “ಉಂಡು ಮಲಕೋ ಹಂಗಾರ.”