ಉಳವಿಗೆ ಸಾಗವಾನಿಯ ದಾರಿ

ನನ್ನ ಗಂಡನ ಎಡಗಾಲಿನ ಬೂಟಿಗೆ ದಾರವಿರಲಿಲ್ಲ. ಅದನ್ನು ಬಿಚ್ಚಿ ಯಾವುದೋ ಮರದ ಸುತ್ತಳತೆ ತೆಗೆದಿದ್ದರು. ಹೆಜ್ಜೆ ಇಟ್ಟಾಗಲೆಲ್ಲ ಬೂಟು ಹಿಮ್ಮಡಿಯಿಂದ ಕಳಚಿ ಬೀಳುವ ಸದ್ದು ಅಂಗಳದ ಆಚೆಯಿಂದಲೇ ನನಗೆ ಕೇಳುತ್ತಿತ್ತು. ಅವರಿಗೆ ಕೇಳುತ್ತಿರಲಿಲ್ಲ.

ಅವರು ಆಗ ಕುಳಗಿಯ ಕಾಡಿನ ಕ್ಯಾಂಪಿನಲ್ಲಿ ಅರಣ್ಯ ಇಲಾಖೆಯ ರೇಂಜರರಾಗಿದ್ದರು. ಯುದ್ಧದ ಕಾಲ, ಮರಕ್ಕೆ ಎಲ್ಲಿಲ್ಲದ ಬೇಡಿಕೆ. ಧಾರವಾಡದಲ್ಲಿ ಬಿ.ಎ. ಮುಗಿಸಿ ಮದುವೆಯಾಗಿ ಬಂದ ನನಗೆ ಅದು ಅಲ್ಲಿನ ಎರಡನೆಯ ಬೇಸಗೆ.

ಅವರ ಮನಸ್ಸು ಹೀಗೆ ಹಿಡಿತ ತಪ್ಪಿ ಏರಿದ್ದು ಅದೇ ಮೊದಲಲ್ಲ. ಹಿಂದಿನ ಸಲ ಹಳಿಯಾಳದ ಸಂತೆಯಲ್ಲಿ ಕಂಡಕಂಡವರಿಗೆಲ್ಲ ಕಂಬಳಿ ಹಂಚಿ ಬಂದಿದ್ದರು. ಆಮೇಲೆ ವಾರಗಟ್ಟಲೆ ಗೋಡೆಗೆ ಮುಖ ಮಾಡಿ ಮಲಗಿದರು. ಕೇಳಿಕೊಂಡು ಬಂದವರನ್ನು ನಾನು ಬಾಗಿಲಲ್ಲೇ ನಿಲ್ಲಿಸಿ "ಜ್ವರ ಬಂದಾವ್ರಿ" ಎಂದು ಕಳಿಸುತ್ತಿದ್ದೆ. ಕಾಡಿನ ಸೀಮೆಯಲ್ಲಿ ಜ್ವರವೆಂದರೆ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ.

ಈ ಸಲ ಅಷ್ಟರಲ್ಲಿ ಮುಗಿಯುವಂತಿರಲಿಲ್ಲ. ಕಡಿಯಬೇಕಾದ ಮರದ ತೊಗಟೆ ಕೆತ್ತಿ, ರೇಂಜರರು ತಮ್ಮ ಕೈಯಿಂದಲೇ ಸುತ್ತಿಗೆಯ ಅಚ್ಚು ಹೊಡೆಯಬೇಕು. ಅಚ್ಚು ಬಿದ್ದ ಮರಕ್ಕೆ ಕೂಲಿಯವರು ಕೊಡಲಿ ಹಾಕುತ್ತಾರೆ, ಯಾಕೆಂದು ಕೇಳುವುದಿಲ್ಲ. ನನ್ನ ಗಂಡ ಆ ದಿನ ಬೆಳಗಾಗುವ ಮೊದಲೇ ಎಮ್ಮೆ ಸಾಕುವ ಗೌಳಿಗರ ಹಟ್ಟಿಗೆ ಹೋಗಿ, ಗುಡಿಸಲುಗಳ ನಡುವಿನ ಒಂದೊಂದು ಮರಕ್ಕೂ ಅಚ್ಚು ಹೊಡೆದು ಬಂದಿದ್ದರು.

"ಉಳವಿ ಜಾತ್ರಿಗೆ ನಡಕೊಂಡು ಹೋಗೋ ಮುದುಕ್ಯಾರ ಕಾಲಿಗೆ ಇನ್ನ ಕೆಸರು ಹತ್ತೂದಿಲ್ಲ, ತಿಳೀತೇನು? ಇಲ್ಲಿಂದ ಉಳವಿತನಕ ಸಾಗವಾನಿ ಹಲಗಿ ಹಾಸ್ತೇನಿ. ನೀ ಬಿ.ಎ. ಆಗೀಯಲ್ಲ, ಎಷ್ಟ್ ಹಲಗಿ ಬೇಕು, ಲೆಕ್ಕಾ ಹಾಕು!"

ನಗುತ್ತಿದ್ದರು. ಆ ನಗು ಎಷ್ಟು ಚೆಂದವಿತ್ತೆಂದರೆ ಒಂದು ಕ್ಷಣ ನನಗೂ ಆ ದಾರಿ ಕಂಡಿತು.

ಅಷ್ಟರಲ್ಲಿ ಕೂಲಿಯವರ ಮುಕಾದಮರು ಅಂಗಳಕ್ಕೆ ಬಂದರು. ಹಳಿಯಾಳದ ವಯಸ್ಸಾದ ಸಾಬರು. ಹಿಂದೆ ಕೊಡಲಿ ಹಿಡಿದ ಆಳುಗಳು, ಅವರ ಹಿಂದೆ ಒಬ್ಬ ಗೌಳಿ ಮುದುಕಿ.

"ಬಾಯಿಸಾಹೇಬ್ರ, ಸಾಹೇಬ್ರು ಅಚ್ಚು ಹೊಡದಾರ. ಕಡಿಯೂದು ನಮ್ಮ ಕೆಲಸ. ಆದ್ರ ಗಿಡದ ಬುಡಕ್ಕ ಇವರ ಮನಿ ಅದಾವ್ರಿ. ಮಾವಿನ ಗಿಡಾನೂ ಬಿಟ್ಟಿಲ್ಲ. ಏನ್ ಮಾಡೂಣ್ರಿ?"

ಮುದುಕಿ ಸುಮ್ಮನಿರಲಿಲ್ಲ. "ನಮ್ಮ ಎಮ್ಮಿ ಬೆನ್ನಿಗೂ ಒಂದ್ ಅಚ್ಚು ಹೊಡಿ ಅನ್ನು ನಿನ್ನ ಗಂಡಗ! ಅದನ್ನೂ ಕಡದು ಹಲಗಿ ಮಾಡ್ಲಿ!"

ಆಳುಗಳಲ್ಲಿ ಯಾರೋ ಕಿಸಕ್ಕೆಂದರು. ನನ್ನ ಗಂಡ ಎಲ್ಲರಿಗಿಂತ ಜೋರಾಗಿ ನಕ್ಕರು.

ನಾನು ಸುಮ್ಮನಿದ್ದರೆ ಮರಗಳು ಉರುಳುತ್ತವೆ. ಆ ಅಚ್ಚು ನಡೆಯುವುದಿಲ್ಲವೆಂದರೆ ಯಾಕೆಂದೂ ಹೇಳಬೇಕು. ಹೇಳಿದ ಮಾತು ಸಂಜೆಯೊಳಗೆ ಹಳಿಯಾಳದ ಕಚೇರಿ ಮುಟ್ಟುತ್ತದೆ, ನೌಕರಿ ಹೋಗುತ್ತದೆ. ಆರಾಮವಿದ್ದಾಗ ಆ ಕಾಡಿನಲ್ಲಿ ನಡೆಯುವುದೊಂದನ್ನು ಬಿಟ್ಟು ಅವರಿಗೆ ಬೇರೆ ಸುಖವೇ ಇರಲಿಲ್ಲ.

"ಆ ಗಿಡಾ ಕಡೀಬ್ಯಾಡ್ರಿ," ಎಂದೆ. "ಸಾಹೇಬ್ರಿಗೆ ಆರಾಮಿಲ್ಲ."

"ಜ್ವರ ಏನ್ರೀ?" ಮುಕಾದಮರು ಮೆಲ್ಲಗೆ ಕೇಳಿದರು. ನನಗೊಂದು ದಾರಿ ಬಿಟ್ಟುಕೊಡುತ್ತಿದ್ದರು. ಆದರೆ ಜ್ವರದಲ್ಲಿ ಹೊಡೆದರೂ ಅಚ್ಚು ಅಚ್ಚೇ, ಇವತ್ತಲ್ಲದಿದ್ದರೆ ನಾಳೆ ಆ ಮರ ಕಡಿಯಲೇಬೇಕು.

"ಜ್ವರ ಅಲ್ರಿ. ಮನಸ್ಸಿಗೆ ಆರಾಮಿಲ್ಲ."

ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮುಕಾದಮರು ತಲೆ ತಗ್ಗಿಸಿ ಆಳುಗಳನ್ನು ಕರೆದುಕೊಂಡು ಹೋದರು.

ನನ್ನ ಗಂಡನ ಮುಖದಲ್ಲಿ ನಗು ಇನ್ನೂ ಇತ್ತು, ಕಣ್ಣಿನಲ್ಲಿ ಇರಲಿಲ್ಲ. "ಬ್ಯಾರೆ ಯಾರರ ಅಂದಿದ್ರ ನಕ್ಕಬಿಡ್ತಿದ್ದೆ," ಎಂದರು. "ನೀನ ಅಂದಿ."

ಸಂಜೆಗೆ ಹಲಗೆಗಳ ಮಾತು ಮತ್ತೆ ಶುರುವಾಯಿತು. ಆದರೆ ಈಗ ಅದನ್ನು ನನಗೆ ಹೇಳುತ್ತಿರಲಿಲ್ಲ. ನಾನು ಒಳಗೆ ಬಂದರೆ ದನಿ ತಗ್ಗಿಸುತ್ತಿದ್ದರು.

ಮರುದಿನ ಬೆಳಿಗ್ಗೆ ಅವರನ್ನು ಧಾರವಾಡದ ಡಾಕ್ಟರರ ಹತ್ತಿರ ಕರೆದೊಯ್ಯಲು ಎತ್ತಿನ ಗಾಡಿ ತರಿಸಿದೆ. ಕ್ಯಾಂಪಿನವರೆಲ್ಲ ಹೊರಗೆ ನಿಂತಿದ್ದರು. ಹೆಂಗಸರು ಹಿಂದೆ, ಪರದೆಯ ಮರೆಯಲ್ಲಿ ಕೂರುವುದು ಅಲ್ಲಿನ ರೂಢಿ. ನಾನು ಮುಂದೆ ಹತ್ತಿ ಅವರ ಪಕ್ಕದಲ್ಲೇ ಕುಳಿತು ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಂಡರು. ಗಾಡಿ ಹೊರಟ ಮೇಲೆ ಮತ್ತೆ ಹಿಡಿದೆ.