ಗಂಟಲು ಕಟ್ಟಿದ ವಾರ

ನಾನು ದರ್ಜಿ. ದಿನಾ ಬೆಳಿಗ್ಗೆ ಹೆಂಡತಿಯನ್ನು ಕೂರಿಸಿಕೊಂಡು ಬೈಬಲನ್ನು ಓಡುವ ರೈಲಿನಂತೆ ಓದುತ್ತಿದ್ದೆ. ಹನ್ನೊಂದು ಸಲ ಮುಗಿಸಿದ್ದೇನೆಂದು ಚರ್ಚಿನಲ್ಲಿ ಜಂಬ ಬೇರೆ. ಒಮ್ಮೆ ಗಂಟಲು ಕಟ್ಟಿ ಮಾತೇ ನಿಂತಿತು. ಓದುವ ಪಾಳಿ ಅವಳದಾಯಿತು. ಅಕ್ಷರ ಅಕ್ಷರ ಕೂಡಿಸಿ ಓದುವವಳು. ಮೊದಲು ಹೋಗಿ ಸಹೋದರನೊಂದಿಗೆ ರಾಜಿಯಾಗು ಎಂಬ ಮಾತಿಗೇ ಐದು ನಿಮಿಷ ಹಿಡಿಯಿತು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

"ಇದು ಮುಂಚೇನೂ ಇತ್ತೇನ್ರೀ?" ಎಂದಳು.

ಹನ್ನೊಂದು ಸಲವೂ ಇತ್ತು. ಅಪ್ಪನ ಹೊಲಿಗೆಯಂತ್ರಕ್ಕಾಗಿ ಜಗಳವಾಡಿ ಅಣ್ಣನೊಡನೆ ಮಾತು ಬಿಟ್ಟು ಆರು ವರ್ಷವಾಗಿತ್ತು. ಅಂದೇ ಹೋಗಿ ಅವನ ಬಾಗಿಲು ತಟ್ಟಿದೆ. ಸ್ವರ ಹೊರಡಲಿಲ್ಲ, ಗಂಟಲು ಮುಟ್ಟಿ ತೋರಿಸಿ, ತಲೆ ತಗ್ಗಿಸಿ ನಿಂತೆ.

"ಮಾತಾಡಕ್ಕಾಗಲ್ವಾ? ಹಂಗಾದ್ರೆ ಧೈರ್ಯವಾಗಿ ಒಳಗೆ ಬಾರೋ," ಎಂದು ಅಣ್ಣ ನಕ್ಕುಬಿಟ್ಟ.

ಈಗ ಸ್ವರ ಮರಳಿದೆ. ಆದರೂ ಓದುವವಳು ಹೆಂಡತಿಯೇ.