ತವರಿನ ಸೀರೆ ಬರುವ ಮೊದಲೇ

ನಾನು ಮೊದಲ ಸಲ ಶಾಸಕನಾಗಿ ಎರಡನೇ ವರ್ಷ ನಡೆಯುತ್ತಿತ್ತು. ರಾಮನಗರ ಆಗಿನ್ನೂ ಬೆಂಗಳೂರು ಗ್ರಾಮಾಂತರ ಜಿಲ್ಲೆಯೊಳಗೇ ಇತ್ತು. ಅದಕ್ಕೂ ಮೊದಲು ಇಪ್ಪತ್ತು ವರ್ಷ ರಾಮನಗರ, ಕನಕಪುರದ ಕೋರ್ಟುಗಳಲ್ಲಿ ಕ್ರಿಮಿನಲ್ ವಕೀಲಿಕೆ ಮಾಡಿದ್ದೆ. ವಿಧಾನಸೌಧದಲ್ಲಿ ಮಾತಾಡುವುದೇ ಶಾಸಕನ ಕೆಲಸ ಅಂದುಕೊಂಡಿದ್ದ ನನಗೆ ಜನ ಬೇರೆ ಕೆಲಸವನ್ನೇ ಕಲಿಸಿದರು. ನಮ್ಮ ಕಡೆ ಮದುವೆಗೆ ಹೋಗದಿದ್ದರೆ ಕ್ಷಮಿಸುತ್ತಾರೆ. ಸಾವಿಗೆ ಹೋಗದಿದ್ದರೆ ಮುಂದಿನ ಚುನಾವಣೆಯ ತನಕ ನೆನಪಿಟ್ಟುಕೊಳ್ಳುತ್ತಾರೆ. ಹಾಗಾಗಿ ನನ್ನ ಕಾರಿನ ಡಿಕ್ಕಿಯಲ್ಲಿ ಯಾವಾಗಲೂ ಒಂದು ಹಾರ ಇರುತ್ತಿತ್ತು.

ಆ ಬೇಸಿಗೆಯ ಒಂದು ಬೆಳಿಗ್ಗೆ ಕೂಟಗಲ್ ಕಡೆಯ ಹಳ್ಳಿಯೊಂದರಿಂದ ಫೋನ್ ಬಂತು. ಪುಟ್ಟೇಗೌಡರ ಸೊಸೆ ಮಂಜುಳಾ ತೀರಿಕೊಂಡಿದ್ದಳು. ಮದುವೆಯಾಗಿ ಮೂರೇ ವರ್ಷ. ಎದೆನೋವು ಅಂದಳಂತೆ, ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಹೋಗಿಬಿಟ್ಟಳಂತೆ. ಆ ಊರಿನಲ್ಲಿ ನನ್ನ ಚುನಾವಣೆ ನಡೆಸಿದವರೇ ಪುಟ್ಟೇಗೌಡರು. ಹೋಗದೆ ಇರುವ ಮಾತೇ ಇರಲಿಲ್ಲ.

ಅಂಗಳದಲ್ಲಿ ಹುಡುಗಿಯನ್ನು ಮಲಗಿಸಿದ್ದರು. ಅಂಥ ಸೆಕೆಯಲ್ಲೂ ಗಲ್ಲದ ತನಕ ಶಾಲು ಸುತ್ತಿತ್ತು. ಹಾರ ಹಾಕಲು ಬಗ್ಗಿದಾಗ ಗೌಡರ ತಮ್ಮ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಹೆಣದ ಕಾಲ ಮೇಲಿಟ್ಟ. ದುಃಖದ ಮನೆಯಲ್ಲಿ ಇಂಥದ್ದನ್ನೆಲ್ಲ ಯಾರು ಗಮನಿಸುತ್ತಾರೆ. ಕೈಮುಗಿದು ಒಂದಷ್ಟು ಹೊತ್ತು ನಿಂತೆ. ಗೌಡರು ಜನರ ಕಡೆ ತಿರುಗಿ, "ಎಮ್ಮೆಲ್ಲೆ ಸಾಹೇಬ್ರೇ ಬಂದವ್ರೆ. ಇನ್ ಯಾರ್ಗೂ ಕಾಯದ್ ಬ್ಯಾಡ, ಎತ್ರಪ್ಪ" ಅಂದರು. ನನಗೆ ಕೊಟ್ಟ ಮರ್ಯಾದೆ ಅಂದುಕೊಂಡೆ. ಮಣ್ಣು ಹಾಕಿ, ಅಲ್ಲಿಂದ ಮಾಗಡಿಯ ಒಂದು ಸಮಾರಂಭಕ್ಕೆ ಹೊರಟೆ.

ಮಾರನೇ ದಿನ ಹುಡುಗಿಯ ತಾಯಿ ಕೆಂಪಮ್ಮ ಕೈಲಾಂಚದ ಕಡೆಯಿಂದ ಬಸ್ಸಿನಲ್ಲಿ ನಮ್ಮ ಮನೆಗೆ ಬಂದಳು. ಕೈಚೀಲದಲ್ಲಿ ಮಡಿಕೆ ಬಿಚ್ಚದ ಹೊಸ ಸೀರೆಯೊಂದಿತ್ತು. ಮದುವೆಯಾದ ಹೆಣ್ಣುಮಗಳು ಸತ್ತರೆ ತವರಿನ ಹೆಂಗಸರು ಸೀರೆ ತಂದು, ಮೈ ತೊಳೆದು, ತಾವೇ ಉಡಿಸಬೇಕು. ಆಮೇಲೆ ಹೆಣ ಎತ್ತಬೇಕು. ಇವಳು ಸೀರೆ ಹಿಡಿದು ಓಡಿಬರುವಷ್ಟರಲ್ಲಿ ಗುಂಡಿ ಮುಚ್ಚಿ ಆಗಿತ್ತು. ಅತ್ತೂ ಅತ್ತೂ ಅವಳ ದನಿಯೇ ಉಡುಗಿಹೋಗಿತ್ತು.

"ಸೀರೆ ಉಡ್ಸುವಾಗ ನಾವು ಮೈ ನೋಡ್ತೀವಲ್ಲಾ ಸಾಮಿ, ಅದ್ಕೇ ಕಾಯ್ನಿಲ್ಲ" ಅಂದಳು. "ನೀವು ಹತ್ರುದಲ್ಲೇ ನಿಂತಿದ್ರಂತೆ. ನನ್ ಮಗಳ ಕತ್ತು ನೋಡುದ್ರಾ?"

ಶಾಲು ನೆನಪಾಯಿತು. ಅಳಿಯ ಹೊಡೆಯುತ್ತಿದ್ದದ್ದು, ಹಿಂದಿನ ತಿಂಗಳು ಮಗಳು ತವರಿಗೆ ಓಡಿ ಬಂದದ್ದು, ಬುದ್ಧಿ ಹೇಳಿ ವಾಪಸು ಕಳಿಸಿದ್ದು, ಎಲ್ಲವನ್ನೂ ಅವಳು ಹೇಳಿದಳು. ಅವಳಿಗೆ ಬೇಕಾಗಿದ್ದದ್ದು ಒಂದೇ: ಮಗಳು ಹೇಗೆ ಸತ್ತಳು ಅನ್ನುವುದನ್ನು ಕೋರ್ಟು ಹೇಳಬೇಕು.

ಅವಳನ್ನು ಕಾರಿನಲ್ಲೇ ಕೂರಿಸಿಕೊಂಡು ಠಾಣೆಗೆ ಹೋಗಿ ದೂರು ಬರೆಸಿದೆ. ಮದುವೆಯಾಗಿ ಏಳು ವರ್ಷದೊಳಗೆ ಹೆಂಗಸು ಅನುಮಾನಕ್ಕೆ ಎಡೆಯಾಗುವಂತೆ ಸತ್ತರೆ ತಹಶೀಲ್ದಾರ್ ದರ್ಜೆಯ ಅಧಿಕಾರಿಯೇ ಶವದ ತನಿಖೆ ಮಾಡಬೇಕು. ಹೂತ ಹೆಣವನ್ನು ಹೊರತೆಗೆಸುವ ಅಧಿಕಾರವೂ ಅವರದೇ. ಸುದ್ದಿ ಹರಡಿದ್ದೇ ತಡ, ಪುಟ್ಟೇಗೌಡರು ಮನೆಗೆ ಬಂದರು. ಕಾಫಿ ಮುಟ್ಟಲಿಲ್ಲ.

"ಸತ್ತೋಳು ವೋಟ್ ಹಾಕಕ್ ಬರಕಿಲ್ಲ ಲಾಯ್ರೇ" ಅಂದರು. "ನಾವೇ ಹಾಕ್ಬೇಕು."

ನಾನು ದೂರನ್ನು ವಾಪಸು ತೆಗೆಸಲಿಲ್ಲ. ಆದರೆ ಹೆಣ ತೆಗೆಸುವ ಅಪ್ಪಣೆ ಆ ಕಚೇರಿಯಿಂದ ಈ ಕಚೇರಿಗೆ ಅಲೆಯುವುದರಲ್ಲೇ ವಾರಗಳು ಕಳೆದವು. ಅಷ್ಟರಲ್ಲಿ ಮೂರನೇ ದಿನ ಗುಂಡಿಯ ಮೇಲೆ ಎರೆಯುವ ಹಾಲುತುಪ್ಪ, ತಿಥಿ ಎಲ್ಲ ಮುಗಿದಿದ್ದವು. ಹಾಲುತುಪ್ಪ ಎರೆದ ಗುಂಡಿಗೆ ಗುದ್ದಲಿ ಹಾಕಲು ಊರಿನ ಒಬ್ಬನೂ ಬರಲಿಲ್ಲ. ರಾಮನಗರದಿಂದ ಆಳುಗಳನ್ನು ಕರೆಸಬೇಕಾಯಿತು. ಆ ವಾಸನೆಯ ಬಗ್ಗೆ ಬರೆಯುವುದಿಲ್ಲ. ಡಾಕ್ಟರು ಕೆಲಸ ಮುಗಿಸಿದ ಮೇಲೆ ಕೆಂಪಮ್ಮ ಆ ಸೀರೆಯನ್ನು ಬಿಚ್ಚಿ ಮಗಳ ಮೇಲೆ ಹೊದಿಸಿದಳು. ಉಡಿಸುವಂತೆ ಏನೂ ಉಳಿದಿರಲಿಲ್ಲ.

ಕತ್ತಿನ ಸಣ್ಣ ಮೂಳೆಯೊಂದು ಮುರಿದಿತ್ತು. ಬದುಕಿದ್ದಾಗ ಮುರಿದದ್ದೋ, ಹೂಳುವಾಗಲೋ ತೆಗೆಯುವಾಗಲೋ ಮುರಿದದ್ದೋ, ಇಷ್ಟು ದಿನವಾದ ಮೇಲೆ ಖಚಿತವಾಗಿ ಹೇಳಲಾಗದು ಅಂತ ಡಾಕ್ಟರು ಬರೆದರು. ಗಂಡ, ಮಾವ, ಮಾವನ ತಮ್ಮ ಆರೋಪಿಗಳಾದರು. ಸರ್ಕಾರದ ಕಡೆಯ ಸಾಕ್ಷಿಗಳಲ್ಲಿ ನಾನೂ ಒಬ್ಬ.

ಎಷ್ಟೋ ಸಾಕ್ಷಿಗಳ ಬೆವರಿಳಿಸಿದ್ದ ಕಟಕಟೆಯಲ್ಲಿ ನಾನೇ ನಿಂತೆ. ಶಾಲಿನ ವಿಷಯ, ಹಾರದ ವಿಷಯ, ಗೌಡರು ಅವಸರ ಮಾಡಿದ್ದು, ಕಂಡದ್ದನ್ನೆಲ್ಲ ಹೇಳಿದೆ. ಬೆಂಗಳೂರಿನಿಂದ ಬಂದಿದ್ದ ಆರೋಪಿಗಳ ವಕೀಲರು ಬಹಳ ವಿನಯದಿಂದ ಎದ್ದರು.

"ತಾವು ಇಪ್ಪತ್ತು ವರ್ಷ ಕೊಲೆ ಕೇಸುಗಳನ್ನು ನಡೆಸಿದವರು. ಹೆಣದ ಪಕ್ಕದಲ್ಲೇ ನಿಂತಿದ್ದಿರಿ. ಅವತ್ತು ತಮಗೆ ಅನುಮಾನ ಬಂತೋ ಇಲ್ಲವೋ?"

ಬಂತು ಅಂದಿದ್ದರೆ ಕೇಸು ಗಟ್ಟಿಯಾಗುತ್ತಿತ್ತು. ಆದರೆ ಅದು ಸುಳ್ಳು. ಅನುಮಾನ ಬಂದದ್ದು ಕೆಂಪಮ್ಮ ಕೇಳಿದ ಮೇಲೆ. ಹಿಂದಿನ ಬೆಂಚಿನಲ್ಲಿ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಇಲ್ಲ" ಅಂದೆ.

ಡಾಕ್ಟರ ವರದಿ ಸ್ಪಷ್ಟವಿಲ್ಲ, ಅನುಭವಸ್ಥ ವಕೀಲರೂ ಜನಪ್ರತಿನಿಧಿಯೂ ಆದವರಿಗೇ ಅಂದು ಸಂಶಯ ಬಂದಿರಲಿಲ್ಲ ಎಂದು ತೀರ್ಪಿನಲ್ಲಿತ್ತು. ಸಂಶಯದ ಲಾಭ ಕೊಟ್ಟು ಮೂವರನ್ನೂ ಬಿಟ್ಟರು. ಕೋರ್ಟಿನ ಜಗಲಿಯಲ್ಲಿ ಕೆಂಪಮ್ಮನ ಪಕ್ಕ ಕೂತು, ಹೈಕೋರ್ಟಿಗೆ ಹೋಗಬಹುದು ಅಂತ ಹೇಳತೊಡಗಿದೆ. ಅವಳು ಸಿಟ್ಟು ಮಾಡಲಿಲ್ಲ.

"ನೀವು ಅವತ್ತು ಬರ್ದೇ ಇದ್ದಿದ್ರೆ ಚೆಂದಾಗಿತ್ತು ಸಾಮಿ. ನೀವು ಬಂದಿದ್ಕೇ ಬಿರ್ರನೆ ಮಣ್ಣು ಮಾಡ್ಬುಟ್ರು. ನೀವು ಬಂದಿದ್ಕೇ ಈಗ ಬುಟ್ಬುಟ್ರು."

ಮುಂದಿನ ಚುನಾವಣೆಯಲ್ಲಿ ಆ ಊರು ನನ್ನ ಕೈಬಿಟ್ಟಿತು. ಅದರ ನೋವು ಬೇಗ ಹೋಯಿತು, ಕೆಂಪಮ್ಮನ ಮಾತಿನದು ಇಂದಿಗೂ ಹೋಗಿಲ್ಲ. ಅಧಿಕಾರದಲ್ಲಿರುವವನು ಬರೀ ಕೈಮುಗಿದು ನಿಂತರೂ ಅವನ ಹೆಸರಿನಲ್ಲಿ ಯಾರೋ ಏನನ್ನೋ ಮುಗಿಸಿಬಿಡುತ್ತಾರೆ. ಆಮೇಲೆ ನಾನು ಹೆಣ್ಣುಮಗಳು ಸತ್ತ ಯಾವ ಮನೆಗೆ ಹೋದರೂ ತವರಿನವರು ಬಂದರಾ ಅಂತ ಮೊದಲು ಕೇಳುತ್ತಿದ್ದೆ. ಬಂದಿಲ್ಲ ಅಂದರೆ ಅವರು ಬಂದು ಸೀರೆ ಉಡಿಸಿ ಮುಗಿಸುವ ತನಕ ಬೀದಿಯಲ್ಲೇ ನಿಲ್ಲುತ್ತಿದ್ದೆ.